ಒಂದು ಪಾಯಿಂಟ್ ಕೆಳಗೆ

ಸಕಲೇಶಪುರದ ನಮ್ಮ ಕಂಪ್ಯೂಟರ್ ರಿಪೇರಿಯವರು ಫ್ಯಾನಿನ ರೆಗ್ಯುಲೇಟರ್ ತಿರುಗಿಸುವಾಗಲೂ "ಒಂದು ಪಾಯಿಂಟ್ ಕೆಳಗಿರ್ಲಿ ಕಣ್ರೀ" ಅನ್ನುತ್ತಿದ್ದರು. ಕೆಲಸಕ್ಕೆ ಮೊದಲು ಕೈಗಡಿಯಾರ ಬಿಚ್ಚಿ ಜೇಬಿನಲ್ಲಿಡುತ್ತಿದ್ದರು.

ಚೌಕಾಸಿ ಮಾಡಿ ತಂದ ಹೊಸ ಮೆಮೊರಿ (ರ್ಯಾಮ್) ಹಾಕಿದರೂ ನನ್ನ ಸ್ಟುಡಿಯೋ ಕಂಪ್ಯೂಟರಿನಲ್ಲಿ ಮದುವೆ ವಿಡಿಯೋ ತಡವರಿಸುತ್ತಿತ್ತು. ಸಂಜೆಯ ಆರತಕ್ಷತೆಗೆ ಅದು ಬೇಕೇ ಬೇಕು.

ಮದರ್‌ಬೋರ್ಡ್ ಸೆಟ್ಟಿಂಗ್ ತೆರೆದವರೇ ನಕ್ಕರು. "ವನಗೂರು ಗುಡ್ಡದ ಏರು ಮುಗಿದ್ರೂ ಗಾಡಿ ಫಸ್ಟ್ ಗೇರಲ್ಲೇ ಐತಲ್ಲ ಮಾರಾಯ್ರೇ! ಮೆಮೊರಿ ಸ್ಪೀಡು ಏರಿಸೇ ಇಲ್ಲ."

ಹೊಸ ಮೆಮೊರಿ ಕೊಂಡವರು ಮೊದಲು ಇದನ್ನು ನೋಡಿಸಿ. ಮಾರಿದವನನ್ನು ಆಮೇಲೆ ಬೈಯಬಹುದು.

"ಪೂರ್ತಿ ಏರಿಸಿ!" ಎಂದೆ. ಏರಿಸಿದರು; ಪರದೆ ಕಪ್ಪಾಗಿಬಿಟ್ಟಿತು. ಸೆಟ್ಟಿಂಗ್ ಮೊದಲಿನಂತಾಗಲೆಂದು ಅವರು ಬೋರ್ಡಿನ ಬಿಲ್ಲೆ ಬ್ಯಾಟರಿ ತೆಗೆದು, ಮತ್ತೆ ಕೂರಿಸಿ, ಸ್ಪೀಡನ್ನು ಒಂದು ಪಾಯಿಂಟ್ ಕೆಳಗಿಟ್ಟರು.

ವಿಡಿಯೋ ನೀರಿನಂತೆ ಓಡಿತು! ಕುಣಿದೇಬಿಟ್ಟೆ. ಆದರೂ ಆಸೆ ಬಿಡಲಿಲ್ಲ: "ಇನ್ನೊಂಚೂರು ಏರ್ಸಣ?"

"ಮದ್ವೆ ನಡೀಬೇಕೋ, ನಂಬರ್ ಏರ್ಬೇಕೋ?" ಎನ್ನುತ್ತಾ ಗಡಿಯಾರ ಕಟ್ಟಿಕೊಂಡರು.