ಚುಕ್ಕೆಯಿಟ್ಟ ಮುಖ

ಅವರ ಉಗುರಿನ ಸಂದಿಗಳಲ್ಲಿ ಸದಾ ಮೈಲುತುತ್ತಿನ ನೀಲಿ ಇರುತ್ತಿತ್ತು. ಭಾನುವಾರ ಬಿಳಿ ಕೋಟು ತೊಟ್ಟು ಇಗರ್ಜಿಗೆ ಹೊರಟಾಗಲೂ ಅದು ಹೋಗುತ್ತಿರಲಿಲ್ಲ. ಕೋಟು ಬಿಳಿಯೇ ಇತ್ತೇ? ಹೇಳಲಾರೆ. ನೀಲಿ ಮಾತ್ರ ಖಂಡಿತ.

ಐವತ್ತರ ದಶಕದ ಕೊನೆಯಲ್ಲಿ ಅವರು ಕಾಲೇಜಿನಲ್ಲಿ ನಮಗೆ ರಸಾಯನಶಾಸ್ತ್ರ ಕಲಿಸುತ್ತಿದ್ದರು. ಪ್ರಯೋಗದ ಅಂಕಿಗಳನ್ನು ಆಮೇಲೆ ನೆನಪಿಸಿಕೊಂಡು ಬರೆದರೆ ಪುಟಕ್ಕೆ ಅಡ್ಡಗೆರೆ ಎಳೆದುಬಿಡುತ್ತಿದ್ದರು.

“ಕಂಡದ್ದನ್ನು ಕಂಡಾಗಲೇ ಬರಿ ಮಾರಾಯ. ಮತ್ತೆ ಬರೆದದ್ದು ಕತೆ. ಕತೆಗೆ ಕನ್ನಡ ಪಂಡಿತರ ಕ್ಲಾಸು ಉಂಟಲ್ಲ?”

ಮಂಗಳೂರಿನ ಜೆಪ್ಪಿನ ಮನೆಯಲ್ಲಿ ಅವರು, ಅವರ ಅಕ್ಕ, ಇಬ್ಬರೇ. ಅಕ್ಕನ ಉದ್ದನೆಯ ಕೂದಲೆಳೆಗೆ ಕಟ್ಟಿ ಗಾಜಿನ ಭರಣಿಗಳಲ್ಲಿ ಸತುವಿನ ಲವಣದ ಹರಳು ಬೆಳೆಸುತ್ತಿದ್ದರು. ಒಳಗೆ ತುಸುವೇ ತಾಮ್ರ. ತಾಮ್ರದ ಅಯಾನಿನಲ್ಲಿ ಜೋಡಿಯಿಲ್ಲದ ಒಂದು ಎಲೆಕ್ಟ್ರಾನು ಇರುತ್ತದೆ. ಹರಳನ್ನು ದೊಡ್ಡ ಅಯಸ್ಕಾಂತದ ನಡುವೆ ಇಟ್ಟು ಸೂಕ್ಷ್ಮತರಂಗ ಹಾಯಿಸಿದರೆ, ಆ ಎಲೆಕ್ಟ್ರಾನು ಹೇಗೆ ನೆಲೆಸಿದೆ ಎಂಬುದು ಕಾಗದದ ಮೇಲೆ ಗೆರೆಗಳಾಗಿ ಮೂಡುತ್ತದೆ. ಪ್ರತಿ ಹರಳಿನ ಒಂದು ಮುಖಕ್ಕೆ ಅವರು ಮಸಿಯ ಚುಕ್ಕೆ ಇಡುತ್ತಿದ್ದರು. ಆ ಮುಖ ಕೆಳಗಿಟ್ಟು ತಿರುಗಿಸಿದರೆ ಸುತ್ತಿನ ಉದ್ದಕ್ಕೂ ನಾಲ್ಕೇ ಗೆರೆ ಬರಬೇಕು; ಬೇರೆ ಮುಖ ಕೆಳಗಾದರೆ ಅವೇ ಎಂಟಾಗಿ ಒಡೆಯುತ್ತವೆ. ವರ್ಷಗಟ್ಟಲೆ ಬರೆದ ಅವರ ಡಾಕ್ಟರೇಟ್ ಪ್ರಬಂಧ ನಿಂತದ್ದು ಆ ಲೆಕ್ಕದ ಮೇಲೆ.

ಅಂಥ ಯಂತ್ರ ಮಂಗಳೂರಿನಲ್ಲಿ ಇರಲಿಲ್ಲ. ನಾನು ಸಂಶೋಧನೆಗೆಂದು ಮುಂಬಯಿಗೆ ಹೋಗುವಾಗ ಒಂದು ಹರಳನ್ನು ಹತ್ತಿಯಲ್ಲಿ ಸುತ್ತಿ ಕೊಟ್ಟರು. ಅಲ್ಲಿ ನನಗೆ ಬಂದದ್ದು ಎಂಟು ಗೆರೆ.

ರಜೆಯಲ್ಲಿ ಕಾಗದದ ಸುರುಳಿ ಬಿಚ್ಚಿ ಅವರ ಮುಂದಿಟ್ಟೆ. ಬೆರಳಿಟ್ಟು ಗೆರೆಗಳನ್ನು ಎರಡು ಸಲ ಎಣಿಸಿದರು.

“ಚುಕ್ಕೆ ಕೆಳಗೇ ಇತ್ತಲ್ಲ?”

“ಹೌದು ಸರ್.”

“ಪುಸ್ತಕದಲ್ಲಿ ಬರೆದಿದ್ದೀಯ?”

“ಇಲ್ಲ. ಆದರೆ ಸರೀ ನೆನಪುಂಟು ಸರ್.”

ಅಂದು ಅವರು ಅಡ್ಡಗೆರೆ ಎಳೆಯಲಿಲ್ಲ. ಸುರುಳಿಯನ್ನು ಮೆಲ್ಲಗೆ ಸುತ್ತಿಟ್ಟು, “ಹಾಗಾದರೆ ಇಷ್ಟು ವರ್ಷ ಕತೆ ಬರೆದದ್ದು ನಾನೇ ಮಾರಾಯ,” ಎಂದು ನಕ್ಕರು. ಪ್ರಬಂಧವನ್ನು ವಿಶ್ವವಿದ್ಯಾಲಯಕ್ಕೆ ಕಳಿಸಲೇ ಇಲ್ಲ. ಮುಂದಿನ ರಜೆಯಲ್ಲಿ ನೋಡಿದರೆ ಉಗುರುಗಳು ಬೆಳ್ಳಗಾಗಿದ್ದವು.

ಅರವತ್ತರ ದಶಕ ಮುಗಿಯುವ ಮೊದಲೇ ಎದೆನೋವಿನಿಂದ ತೀರಿಕೊಂಡರು. ಕಪಾಟಿನಲ್ಲಿ ಉಳಿದಿದ್ದ, ಅದೇ ಭರಣಿಯ ಇನ್ನೊಂದು ಹರಳನ್ನು ಅಕ್ಕ ನನಗೆ ಕೊಟ್ಟರು. ಮುಂಬಯಿಯಲ್ಲಿ ಚುಕ್ಕೆ ನೋಡಿ, ಕೆಳಗಿಟ್ಟು, ಇಟ್ಟದ್ದನ್ನು ಆಗಲೇ ಬರೆದುಕೊಂಡು, ತಿರುಗಿಸಿದೆ. ಉದ್ದಕ್ಕೂ ನಾಲ್ಕೇ ಗೆರೆ.

ಜೆಪ್ಪಿಗೆ ಹೋಗಿ ಅಕ್ಕನಿಗೆ ಎಲ್ಲ ಹೇಳಿದೆ.

“ಇದನ್ನು ಅವನಿಗೆ ಹೇಳಬೇಕಿತ್ತು ಪುತಾ,” ಎಂದರು. “ನನಗೆ ಹೇಳಿ ಎಂತ ಮಾಡುದು?”

ಈಗಲೂ ಕಣ್ಣು ಮುಚ್ಚಿದರೆ, ಆ ಮೊದಲ ಹರಳಿನ ಚುಕ್ಕೆ ಕೆಳಗೇ ಇರುತ್ತದೆ.