ಮಾದಯ್ಯನವರ ಎರಡು ಜೇಬು

ಟೈಂ ಕೀಪರ್ ಮಾದಯ್ಯನವರು ನಡೆದರೆ ಗಲಗಲ ಸದ್ದಾಗುತ್ತಿತ್ತು. ಹೊಸಬರು ಚಿಲ್ಲರೆ ಕಾಸಿರಬೇಕು ಅಂದುಕೊಳ್ಳುತ್ತಿದ್ದರು. ಅವರ ಖಾಕಿ ಕೋಟಿನ ಬಲ ಜೇಬಿನಲ್ಲಿ ಇರುತ್ತಿದ್ದದ್ದು ಹುಣಸೆ ಬೀಜ, ಎಡ ಜೇಬಿನಲ್ಲಿ ಹರಳು ಬೀಜ. ಹನೂರಿನ ಬಸ್ ಸ್ಟ್ಯಾಂಡಿಗೆ ಯಾವ ಬಸ್ಸು ಬಂದು ನಿಂತರೂ ಮೊದಲು ಒಳಗೆ ಹತ್ತಿ, ಮುಂದಿನಿಂದ ಹಿಂದಕ್ಕೆ ನಡೆದು, ಒಂದು ತಲೆಗೆ ಒಂದು ಹುಣಸೆ ಬೀಜದಂತೆ ಸೊಂಟದ ಚೀಲದಿಂದ ತೆಗೆದು ಬಲ ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಆಮೇಲೆ ಹಿಂದಿನ ಏಣಿ ಹತ್ತಿ ಟಾಪಿನ ಮೇಲಿನ ಮೂಟೆ, ಬುಟ್ಟಿ, ಕೋಳಿ ಪಂಜರ ನೋಡಿ, ಒಂದೊಂದಕ್ಕೂ ಒಂದು ಹರಳು ಬೀಜ ಎಡ ಜೇಬಿಗೆ. ಬಸ್ಸು ಹೋದ ಮೇಲೆ ಕಾಫಿ ಕುಡಿದು, ಎರಡು ಜೇಬನ್ನೂ ಕಲ್ಲಿನ ಮೇಲೆ ಸುರಿದು ಎಣಿಸಿ ನೋಟ್ ಬುಕ್ಕಿಗೆ ಬರೆಯುತ್ತಿದ್ದರು. ಇಷ್ಟೆಲ್ಲ ಮಾಡಲು ಬಸ್ಸಿನ ಕಂಪನಿ ಅವರಿಗೆ ಹೇಳಿರಲಿಲ್ಲ. ಬಸ್ಸು ಬಂದ ಹೊತ್ತು, ಹೋದ ಹೊತ್ತು ಬರೆದರೆ ಸಾಕಿತ್ತು.

“ಸಾ, ಬಾಯಲ್ಲಿ ಎಣ್ಸುದ್ರೆ ಆಗಲ್ವಾ?” ಎಂದು ನಾನು ಒಮ್ಮೆ ಕೇಳಿದ್ದೆ.

“ಬಾಯಲ್ಲಿ ಎಣ್ಸುವಾಗ ಯಾರಾದ್ರೂ ನಮಸ್ಕಾರ ಅಂದ್ರೆ ಮುಗೀತು ಕಣ್ಲಾ. ಅವ್ರ್‌ಗೆ ನಮಸ್ಕಾರ ಅನ್ನೋ ಒತ್ತಿಗೆ ಇಬ್ರು ಮಾಯ ಆಗೋಯ್ತಾರೆ. ಜೇಬಿಗೆ ಯಾರೂ ನಮಸ್ಕಾರ ಆಕಲ್ಲ.”

ಈ ಚಟ ಅವರಿಗೆ ಅಂಟಿದ್ದು ಯುದ್ಧದ ಕಾಲದಲ್ಲಿ. ಆಗ ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಮೂಟೆ ಏರಿಸುವ ಕೆಲಸಕ್ಕೆ ಹೋಗಿದ್ದರಂತೆ. ಅಲ್ಲಿ ಮನುಷ್ಯರನ್ನೂ ತೂಕದ ಮೇಲೆ ನಿಲ್ಲಿಸುವುದನ್ನು ನೋಡಿ ದಂಗಾಗಿ ಬಂದವರು. “ಏರೋಡ್ರಮ್ಮಲ್ಲಿ ಆಳು ಒಂದು ಲೆಕ್ಕ, ಮೂಟೆ ಒಂದು ಲೆಕ್ಕ. ಎರಡೂ ಗೊತ್ತಿಲ್ದಿದ್ರೆ ವಿಮಾನ ಮ್ಯಾಕೆ ಏಳಾಕಿಲ್ಲ” ಎಂದು ದಿನಕ್ಕೊಮ್ಮೆ ಹೇಳದಿದ್ದರೆ ಅವರಿಗೆ ತಿಂದದ್ದು ಅರಗುತ್ತಿರಲಿಲ್ಲ. ಬಸ್ಸು ಹೊರಟರೆ “ಎದ್ದಿತು” ಅನ್ನುವರು, ಬಂದರೆ “ಇಳೀತು” ಅನ್ನುವರು. ಎದ್ದು ಇಳಿದು ನಮ್ಮ ಬಸ್ಸು ಹೋಗುತ್ತಿದ್ದದ್ದು ಕೊಳ್ಳೇಗಾಲಕ್ಕೆ.

ಐವತ್ತಾರರಲ್ಲಿ ನಾವೆಲ್ಲ ಮೈಸೂರು ರಾಜ್ಯಕ್ಕೆ ಸೇರಿದೆವು. ಅದಕ್ಕೆ ಮುಂಚೆ ನಮ್ಮದು ಮದ್ರಾಸಿನ ಕಡೆ. ಮಾದಯ್ಯನವರ ನಾಲಿಗೆ ಸೇರಿತು, ಬೆರಳು ಮಾತ್ರ ಸೇರಲಿಲ್ಲ. ಜಗಳ ಆಡುವುದು ಕನ್ನಡದಲ್ಲಿ, ಬೀಜ ಎಣಿಸುವುದು ತಮಿಳಿನಲ್ಲಿ, “ಒಣ್ಣು, ರೆಂಡು, ಮೂಣು.” ಇದನ್ನು ನಾನು ಅವರ ಹಾಗೇ ಮೂಗಿನಲ್ಲಿ ಎಳೆದು ಹೇಳುತ್ತಿದ್ದೆ. ಸ್ಟ್ಯಾಂಡಿನ ಎದುರು ನನ್ನ ಟೈಲರ್ ಅಂಗಡಿ. ಕಾಲು ಮಿಷನ್ ತುಳಿಯುತ್ತಿದ್ದರೆ ಬಾಯಿ ಊರಿನವರನ್ನೆಲ್ಲ ಅಣಕಿಸಿ ಹೊಲಿದು ಹಾಕುತ್ತಿತ್ತು. ಕಂಡಕ್ಟರನ ಸೀಟಿ, ಮೇಷ್ಟರ ಕೆಮ್ಮು, ಬೆಟ್ಟಕ್ಕೆ ಹೋಗುವ ಭಕ್ತರ ಏದುಸಿರು, ಕಡೆಗೆ ಗಿರಾಕಿಗೆ ಅಳತೆ ತಪ್ಪಿದ ಅಂಗಿ ಕೊಟ್ಟು ಹಲ್ಲು ಕಿರಿಯುವ ಟೈಲರ್ ನಾಗ, ಅಂದರೆ ನಾನೇ. ನಿಜ ಹೇಳಬೇಕೆಂದರೆ ನನ್ನ ಅಂಗಡಿಗೆ ಬಟ್ಟೆ ಹೊಲಿಸಲು ಬಂದವರಿಗಿಂತ ನಗಲು ಬಂದವರೇ ಹೆಚ್ಚು.

ಒಂದು ದಿನ ಕೌದಳ್ಳಿಯ ಮುದುಕನೊಬ್ಬ ಆಡನ್ನು ಸೀಟಿನ ಮೇಲೆ ಕೂರಿಸಿಕೊಂಡು ಬಂದ. ಮಾದಯ್ಯನವರ ಕೈ ಚೀಲದ ಬಾಯಲ್ಲೇ ನಿಂತುಬಿಟ್ಟಿತು.

“ಏನಜ್ಜ, ಇದ್ನ ಟಾಪಿಗೆ ಕಟ್ಟಬಾರ್ದಾ?”

“ಅದ್ಕೂ ಟಿಕೀಟ್ ತಕಂಡಿವ್ನಿ ಕಣಪ್ಪ. ನೀನೇನು ಅದ್ರ ಪಕ್ಕ ಕೂರಬ್ಯಾಡ.”

ಡ್ರೈವರು ಹಾರನ್ ಹೊಡೆದ, ಜನ ಬೈದರು, ಆಡು ಮೇಷ್ಟರ ಪಂಚೆಯ ಅಂಚಿಗೆ ಬಾಯಿ ಹಾಕಿತು. ಮಾದಯ್ಯನವರು ಒಂದು ಕೈಯಲ್ಲಿ ಹುಣಸೆ ಬೀಜ, ಇನ್ನೊಂದರಲ್ಲಿ ಹರಳು ಬೀಜ ಹಿಡಿದು ಆಡಿನ ಮುಖ ನೋಡುತ್ತಾ ನಿಂತರು. ಕಡೆಗೆ ಹರಳು ಬೀಜ ಜೇಬಿಗೆ ಬಿತ್ತು. “ಇಳ್ಯೋವಾಗ ತಾನೇ ಇಳೀತದಾ? ಇಲ್ಲ. ಎತ್ತಿ ಇಳಿಸ್ಬೇಕು. ಆದ್ರಿಂದ ಅದು ಮೂಟೆ” ಎಂದು ತೀರ್ಪು ಕೊಟ್ಟು ಕೆಳಗಿಳಿದರು. ಮುದುಕ ಕಿಟಕಿಯಿಂದ, “ನನ್ನೂ ಎತ್ತೇ ಇಳಿಸ್ಬೇಕು, ನಂಗೂ ಅರಳು ಬೀಜ ಆಕು” ಎಂದು ಕೂಗಿದ. ಒಂದು ವಾರ ನನಗೆ ಅದೇ ಆಟ.

ಅವರು ಕೂತದ್ದನ್ನು ನಾನು ನೋಡಿರಲಿಲ್ಲ. ಸ್ಟ್ಯಾಂಡಿನ ಕಲ್ಲು ಬೆಂಚು ಅವರ ಬೆನ್ನ ಹಿಂದೇ ಇತ್ತು. ಆದರೂ ಬಸ್ಸು ಇಲ್ಲದ ಹೊತ್ತಿನಲ್ಲೂ ಆ ಕೊನೆಯಿಂದ ಈ ಕೊನೆಗೆ ನಡೆಯುತ್ತಾ, ತಿರುವಿನ ಕಡೆ ಕತ್ತು ನೀಡುತ್ತಾ ಇರುತ್ತಿದ್ದರು.

ಬೆಳಗಿನ ಏಳರ ಬಸ್ಸನ್ನು ನಿಲ್ಲಿಸುವ ಮಾತು ಬಂದ ಮೇಲೆ ಆ ನಡಿಗೆ ಇನ್ನೂ ಜೋರಾಯಿತು. ಕೌದಳ್ಳಿಯಿಂದ ಹೊರಟು ಹನೂರಿನ ಮೇಲೆ ಕೊಳ್ಳೇಗಾಲಕ್ಕೆ ಹೋಗುವ ಬಸ್ಸು ಅದು. ಸುತ್ತಲ ಹಳ್ಳಿಯ ರೇಷ್ಮೆ ಗೂಡೆಲ್ಲ ಅದರ ತಲೆಯ ಮೇಲೇ ಮಾರ್ಕೆಟ್ಟು ಸೇರುತ್ತಿತ್ತು. ಶಾಗ್ಯದ ನನ್ನ ಅಕ್ಕನೂ ಹುಳ ಸಾಕಿದ್ದಳು. ಅವಳ ಬುಟ್ಟಿಗಳು ಹನೂರಿನ ತನಕ ಗಾಡಿಯಲ್ಲಿ ಬಂದು ಈ ಬಸ್ಸನ್ನೇ ಹತ್ತಬೇಕು. ಬಸ್ಸು ನಿಂತರೆ ಕೊಳ್ಳೇಗಾಲದ ತನಕ ಗಾಡಿಯೇ ಗತಿ. ಬಿಸಿಲಲ್ಲಿ ಗೂಡು ಬೆವೆತು, ಮಾರ್ಕೆಟ್ಟು ಮುಗಿದ ಮೇಲೆ ತಲುಪಿ, ಮಾರನೆಯ ದಿನಕ್ಕೆ ಕಾದರೆ ಒಳಗಿನ ಚಿಟ್ಟೆ ಕಾಯುವುದಿಲ್ಲ. ತೂತು ಮಾಡಿಕೊಂಡು ಹೊರಗೆ ಬರುತ್ತದೆ. ತೂತಾದ ಗೂಡನ್ನು ಯಾರೂ ಮೂಸುವುದಿಲ್ಲ.

ಕಂಪನಿಗೆ ಕಂಡದ್ದು ಖಾಲಿ ಸೀಟು. ಎರಡು ವಾರ ಏಳರ ಬಸ್ಸಿನ ಜನರನ್ನು ಎಣಿಸಿ ಬರೆಯಿರಿ, ಎರಡನೆಯ ವಾರದ ಶುಕ್ರವಾರ ಮ್ಯಾನೇಜರು ಬಂದು ನೋಡಿ ನಿಲ್ಲಿಸುವುದೋ ಬಿಡುವುದೋ ಹೇಳುತ್ತಾರೆ ಎಂದು ಕಾಗದ ಬಂತು. ಬುಟ್ಟಿಯ ಮಾತೇ ಅದರಲ್ಲಿ ಇರಲಿಲ್ಲ. ಬುಟ್ಟಿಗಳ ಬಾಡಿಗೆ ಎಲ್ಲ ಬಸ್ಸಿನದೂ ಒಟ್ಟಿಗೆ ಸೇರಿ ಹೋಗುತ್ತಿದ್ದರಿಂದ ಯಾವ ಬಸ್ಸಿನ ತಲೆಯ ಮೇಲೆ ಎಷ್ಟು ಹೊರೆ ಎಂದು ಅವರಿಗೆ ತಿಳಿದಿರಲಿಲ್ಲ. ತಿಳಿದಿದ್ದವರು ಒಬ್ಬರೇ.

“ವರ್ಸ ವರ್ಸ ಬಲದ ಜೇಬು ಅಗುರ ಆಯ್ತಾ ಅದೆ, ಎಡದ ಜೇಬು ಜಗ್ತಾ ಅದೆ” ಎಂದು ಮಾದಯ್ಯನವರು ನೋಟ್ ಬುಕ್ಕು ತಿರುವಿ ತೋರಿಸಿದ್ದರು. “ಮೊದ್ಲು ಅವ್ರವ್ರ ಗೂಡು ಅವ್ರವ್ರೇ ತಕಂಡೋಗೋರು. ಈಗ ಪಂಪ್‌ಸೆಟ್ ಬಂದು ಇಪ್ನೇರಳೆ ಜಾಸ್ತಿ ಆಗದೆ, ಮನೇಲಿ ಕೆಲ್ಸ ಬಿಟ್ಟು ಬರಾಕಾಗಲ್ಲ. ಅತ್ತು ಮನೆ ಬುಟ್ಟಿಗೆ ಒಬ್ಬನೇ ಆಳು. ಅವನೊಬ್ಬ ಕೂತವ್ನೆ ಅಂತ ಬಸ್ಸು ಖಾಲಿ ಅಂದ್ಬುಡಾದಾ? ಈ ಬುಕ್ಕು ಮ್ಯಾನೇಜರ ಕೈಲಿ ಓದುಸ್ತೀನಿ, ನೋಡ್ತಿರು.”

ಬುಕ್ಕು ಓದಿ ಮ್ಯಾನೇಜರು ಒಪ್ಪುತ್ತಾರೆ ಎಂಬ ನಂಬಿಕೆ ನನಗೆ ಇರಲಿಲ್ಲ. ಅವರು ಕೇಳಿರುವುದು ಜನ, ಕೊಟ್ಟರಾಯಿತು ಜನ. ಆ ಶುಕ್ರವಾರಕ್ಕೆ ಎರಡು ದಿನ ಇದ್ದಾಗ, ಬುಧವಾರ ಏಳರ ಬಸ್ಸು ಹೋದ ಮೇಲೆ ಮಾದಯ್ಯನವರ ಕೋಟಿನ ಗುಂಡಿ ಕಿತ್ತುಬಂತು. “ಒಂದ್ ಒಲಿಗೆ ಆಕು” ಎಂದು ಕೋಟು ಬಿಚ್ಚಿ ನನಗೆ ಕೊಟ್ಟು ಕಾಫಿಗೆ ಹೋದರು. ಆ ಜೇಬುಗಳನ್ನು ಹೊಲಿದವನು ನಾನು. ಬಲ ಜೇಬು ಎಷ್ಟು ಆಳ ಎಂದು ನನ್ನ ಕೈಗೆ ಗೊತ್ತಿತ್ತು. ಅಕ್ಕ ಕೊಟ್ಟ ಹುಣಸೆ ಹಣ್ಣಿನ ಬೀಜ ಅಂಗಡಿಯಲ್ಲೇ ಇತ್ತು. ಒಂದು ಹಿಡಿ ಸುರಿದು, ಗುಂಡಿ ಹಾಕಿ, ಸಿಳ್ಳೆ ಹೊಡೆಯುತ್ತಾ ಕೋಟು ಹಿಂದಕ್ಕೆ ಕೊಟ್ಟೆ.

ಅವರು ಕಲ್ಲಿನ ಮೇಲೆ ಸುರಿದು ಎಣಿಸಿದರು. ಮತ್ತೆ ಎಣಿಸಿದರು. ಮೂರನೆಯ ಸಲ ಕನ್ನಡದಲ್ಲಿ ಎಣಿಸಿದರು. ಎಪ್ಪತ್ತೊಂದು. ಆ ಬಸ್ಸಿನಲ್ಲಿ ಇದ್ದದ್ದೇ ನಲವತ್ತು ಸೀಟು.

ಆಮೇಲೆ ಅವರು ಬೆಂಚಿನ ಮೇಲೆ ಕೂತರು.

ಹತ್ತರ ಬಸ್ಸು ಬಂತು, ಅವರು ಏಳಲಿಲ್ಲ. ಕಂಡಕ್ಟರು “ಏನ್ ಮಾದಯ್ಯ, ಜ್ವರವಾ?” ಅಂದ. ಮಧ್ಯಾಹ್ನದ ಬಸ್ಸೂ ಎಣಿಕೆ ಇಲ್ಲದೆ ಹೋಯಿತು. ನಾನು ಹತ್ತಿರ ಹೋಗಿ ಅವರದೇ ಮೂಗಿನಲ್ಲಿ “ಒಣ್ಣು, ರೆಂಡು” ಅಂದೆ. ಬೈಯುತ್ತಾರೆ ಎಂದುಕೊಂಡಿದ್ದೆ.

“ನಮ್ಮಪ್ಪನೂ ಇಂಗೇ ಸುರು ಆದದ್ದು ಕಣ್ಲಾ ನಾಗ” ಅಂದರು. “ಮೊದ್ಲು ಎಮ್ಮೆ ಎಷ್ಟು ಅಂತ ಮರ್ತ. ಆಮೇಲೆ ಮಕ್ಳು ಎಷ್ಟು ಅಂತ ಮರ್ತ. ನನ್ ಕಣ್ಣಿಗೆ ಮೂವತ್ತು ಜನ ಕಂಡವ್ರೆ, ಕೈ ಎಪ್ಪತ್ತು ಆಕದೆ.”

ಆಗಲೇ ಹೇಳಬೇಕಿತ್ತು. ಎಲ್ಲರ ಗಂಟಲೂ ಬರುವ ನನಗೆ ಅವತ್ತು ಒಂದೂ ಬರಲಿಲ್ಲ. ಅಂಗಡಿಗೆ ಬಂದು ಒಂದೇ ಪೈಜಾಮದ ಎರಡು ಕಾಲನ್ನೂ ಸೇರಿಸಿ ಹೊಲಿದುಬಿಟ್ಟೆ.

ಗುರುವಾರ ಬೆಳಿಗ್ಗೆ ಹೋದರೆ ಅವರ ಕೈಯಲ್ಲಿ ಒಂದು ಕಾಗದ. ಏಳರ ಬಸ್ಸಿನ ಕಂಡಕ್ಟರನ ಕೈಗೆ ಕೊಟ್ಟು ಮ್ಯಾನೇಜರಿಗೆ ಕಳಿಸುವುದಂತೆ. ನನ್ನ ತಲೆ ನಿಲ್ಲುತ್ತಿಲ್ಲ, ನನ್ನ ಲೆಕ್ಕ ನಂಬಬೇಡಿ, ಹಿಂದಿನ ನೋಟ್ ಬುಕ್ಕನ್ನೂ ನಂಬಬೇಡಿ ಎಂದು ಬರೆದಿದ್ದರು. ಬಸ್ಸಿಗೆ ಇದ್ದ ಸಾಕ್ಷಿಯೇ ಆ ಬುಕ್ಕು. ಅಷ್ಟರಲ್ಲಿ ತಿರುವಿನಲ್ಲಿ ಹಾರನ್ ಕೇಳಿತು.

“ಸಾ, ಒಂದ್ ಇಷ್ಯ ಆಗೋಗದೆ” ಎಂದು ಮೇಷ್ಟರ ಹಾಗೆ ಕೆಮ್ಮಿ ಶುರು ಮಾಡಿದೆ. ಹೆದರಿದರೆ ನನಗೆ ಬೇರೆಯವರ ದನಿಯೇ ಬರುತ್ತದೆ.

“ನಿನ್ ಗಂಟ್ಲಲ್ಲಿ ಯೋಳು.”

ಹೇಳಿದೆ. ಬಸ್ಸು ಬಂದು ನಿಂತು ಧೂಳೆಲ್ಲ ನಮ್ಮ ಮೇಲೆ ಕೂತಿತು. ಹೊಡೆಯುತ್ತಾರೆ ಎಂದು ಕಿವಿ ಮುಚ್ಚಿಕೊಂಡೆ.

“ಎಷ್ಟು ಆಕ್ದೆ?”

“ಒಂದ್ ಇಡಿ ಸಾ.”

“ಇಡಿ ಅಂದ್ರೆ ಎಷ್ಟು?”

ನನಗೇನು ಗೊತ್ತು? ಕಾಗದ ಹರಿದು ಹಾಕಿದರು. ಎಗರಿ ಬಸ್ಸು ಹತ್ತಿದರು, ಏಣಿ ಹತ್ತಿದರು, ಎಣಿಸಿ ಬಸ್ಸು ಎಬ್ಬಿಸಿ ನೇರ ನನ್ನ ಅಂಗಡಿಗೆ ಬಂದರು. ಬೀಜದ ಚೀಲ ನನ್ನ ಮುಂದೆ ಬಿಚ್ಚಿ, “ನೆನ್ನೆ ತಕಂಡಂಗೇ ತಕೊ” ಅಂದರು. ತೆಗೆದೆ, ಮೂವತ್ತೇಳು. ಇನ್ನೊಂದು ಸಲ, ನಲವತ್ತೆರಡು. ಇನ್ನೊಂದು ಸಲ, ಮೂವತ್ತೊಂಬತ್ತು. “ನಿನ್ ಕೈಗೂ ಅಳತೆ ಇಲ್ವಲ್ಲೋ, ಟೈಲರು ಬೇರೆ!” ಎಂದು ಅಷ್ಟು ಹೊತ್ತಿನ ಮೇಲೆ ಬೈದರು. ಆ ಬೈಗುಳ ನನಗೆ ಹಾಲು ಕುಡಿದ ಹಾಗಾಯಿತು.

ಶುಕ್ರವಾರ ಮ್ಯಾನೇಜರು ಬಂದರು. ಎದುರು ಅಂಗಡಿಯಲ್ಲಿ ನಾನು ಸೂಜಿಯ ಕೆಳಗೆ ಬಟ್ಟೆಯೇ ಇಲ್ಲದೆ ಮಿಷನ್ ತುಳಿಯುತ್ತಿದ್ದೆ. ಅವರು ನೋಟ್ ಬುಕ್ಕು ಓದುತ್ತಾ ಒಂದು ಕಡೆ ನಿಂತರು. “ಇದೇನ್ರೀ ಇದು? ಬುಧವಾರ, ದರ್ಜಿ ಬೀಜ ಬೆರೆಸಿದ್ದಾನೆ, ಈ ದಿನದ ಲೆಕ್ಕ ಇಲ್ಲ?”

ಮಾದಯ್ಯನವರು ಒಂದೂ ಬಿಡದೆ ಹೇಳಿದರು. ಮ್ಯಾನೇಜರು ನನ್ನ ಕಡೆ ತಿರುಗಿದರು, ನಾನು ಮಿಷನ್ನಿನ ಕೆಳಗೆ ದಾರ ಹುಡುಕತೊಡಗಿದೆ.

“ಅಂದಾಜಿಗೆ ಮೂವತ್ತು ಅಂತ ಬರ್ದಿದ್ರೆ ನನಗೆ ಗೊತ್ತೇ ಆಗ್ತಿರಲಿಲ್ವಲ್ರೀ.”

“ನಂಗ್ ಗೊತ್ತಾಯ್ತಿತ್ತಲ್ಲ ಸಾ.”

ಮ್ಯಾನೇಜರು ಬಿಳಿ ಪ್ಯಾಂಟು ಎತ್ತಿ ಹಿಡಿದು, ಬಂದು ನಿಂತಿದ್ದ ಏಳರ ಬಸ್ಸಿನ ಏಣಿ ಹತ್ತಿ ಟಾಪಿನ ಮೇಲಿನ ಬುಟ್ಟಿ ನೋಡಿದರು. ನೋಟ್ ಬುಕ್ಕನ್ನು ಕಂಕುಳಲ್ಲಿ ಇಟ್ಟುಕೊಂಡು ಹೊರಟುಹೋದರು. ಎರಡು ತಿಂಗಳು ಸುದ್ದಿಯಿಲ್ಲ. ಅಕ್ಕ ಬಂದಾಗಲೆಲ್ಲ “ಬಸ್ಸು ಅದಾ?” ಅನ್ನುವಳು. ಮಾದಯ್ಯನವರ ಚಪ್ಪಲಿ ಸವೆಯಿತು, ನನ್ನ ಮಿಷನ್ನಿನ ಬೆಲ್ಟು ಕಿತ್ತುಹೋಯಿತು. ಕಡೆಗೆ ಕಾಗದ ಬಂತು. ಬಸ್ಸು ನಿಲ್ಲುವುದಿಲ್ಲ, ಮಾರ್ಕೆಟ್ಟಿಗೆ ಅನುಕೂಲವಾಗುವ ಹಾಗೆ ಅರ್ಧ ಗಂಟೆ ಮುಂಚೆ ಹೊರಡುತ್ತದೆ. ಅವತ್ತಿನಿಂದ ಕೋಟು ರಿಪೇರಿಗೆ ಬಂದರೆ ಜೇಬು ಖಾಲಿ ಮಾಡಿಯೇ ಕೊಡುತ್ತಿದ್ದರು.

ಎಪ್ಪತ್ತನೆಯ ಇಸವಿಯ ಆಚೆ ಅವರ ಮಂಡಿ ಏಣಿಗೆ ಬಗ್ಗದಾಯಿತು. ಕೆಲಸ ಬಿಟ್ಟು ಯಳಂದೂರಿನ ಮಗಳ ಮನೆಗೆ ಹೊರಟರು, ಅದೇ ಬೆಳಗಿನ ಬಸ್ಸಿನಲ್ಲಿ. ಹೊಸ ಟೈಂ ಕೀಪರು ಕೈಗಡಿಯಾರ ನೋಡಿಕೊಂಡು ಬೆಂಚಿನ ಮೇಲೆ ಕೂತಿದ್ದ. ಮಾದಯ್ಯನವರು ಸೊಂಟದ ಚೀಲ ಬಿಚ್ಚಿ ನನ್ನ ಕೈಗೆ ಕೊಟ್ಟು, ಟ್ರಂಕು ಟಾಪಿಗೆ ಹಾಕಿಸಿ, ಕಿಟಕಿಯ ಪಕ್ಕ ಕೂತರು. “ಇವತ್ತು ನೀನೇ ಅತ್ತು” ಅಂದರು.

ಹತ್ತಿದೆ. ಮೂಗು ಎಳೆಯಲಿಲ್ಲ, ನನ್ನ ಗಂಟಲಲ್ಲೇ ಎಣಿಸಿದೆ. ಏಣಿಯನ್ನೂ ಹತ್ತಿ ಇಳಿದು ಕಿಟಕಿಯ ಹತ್ತಿರ ಬಂದೆ.

“ಇಪ್ಪತ್ತೇಳು ಆಳು ಸಾ. ಬುಟ್ಟಿ ಮೂವತ್ತಮೂರು, ಟ್ರಂಕು ಒಂದು.”

“ನನ್ನ ಸೇರ್ಸಿದಾ?”

ಅವರ ಟ್ರಂಕನ್ನು ಎಣಿಸಿದ್ದೆ. ಅವರನ್ನು ಬಿಟ್ಟಿದ್ದೆ. ಆ ಬಸ್ಸಿನಲ್ಲಿ ಅವರು ಕೂತದ್ದನ್ನು ನೋಡಿಯೇ ಗೊತ್ತಿಲ್ಲದ ಕಣ್ಣು ಅವರನ್ನು ದಾಟಿ ಹೋಗಿತ್ತು. ಚೀಲಕ್ಕೆ ಕೈ ಹಾಕಿ ಒಂದು ಹುಣಸೆ ಬೀಜ ತೆಗೆಯುವಷ್ಟರಲ್ಲಿ ಡ್ರೈವರು ಗೇರು ಹಾಕಿದ. ಧೂಳಿನ ಒಳಗಿಂದ ಅವರ ತಲೆ ಹೊರಗೆ ಬಂತು.

“ಒಂದ್ ಕಮ್ಮಿ ಅದೆ ಕಣ್ಲಾ!”

ಬಸ್ಸು ಎದ್ದಿತು. ಬೀಜ ನನ್ನ ಕೈಯಲ್ಲೇ ಇತ್ತು.