ದುರ್ಗನಿಗೆ ಸಿಗದ ಖೋ

ಉತ್ತರಪತ್ರಿಕೆ ತಿದ್ದುತ್ತ ಕೂತಿದ್ದೇನೆ. ಹೊರಗೆ ಮಕ್ಕಳು ಖೋ ಖೋ ಆಡುತ್ತಿದ್ದಾರೆ. ಆ ಕೂಗು ಕೇಳಿದರೆ ನನ್ನ ಬೆನ್ನು ತಾನಾಗಿಯೇ ನೆಟ್ಟಗಾಗುತ್ತದೆ. ನಗಬೇಡಿ, ಐವತ್ತರ ಹತ್ತಿರ ಬಂದ ಈ ಬೆನ್ನಿಗೆ ಹೆಮ್ಮೆಪಡಲು ಇರುವುದು ಒಂದೇ ಸಂಗತಿ.

ಯಲ್ಲಾಪುರದ ಶಾಲೆ, ಮೂವತ್ತರ ದಶಕ. ಮಾಸ್ತರರು 'ಎಲ್ಲರೂ ಸಮಾನರು' ಎಂದು ಹಲಗೆಯ ಮೇಲೆ ಬರೆದು ಹತ್ತು ಸಲ ನಕಲು ಮಾಡಿಸಿದ್ದರು. ಅಕ್ಷರ ದುಂಡಗಿದೆಯೆಂದು ನನಗೆ ಶಾಭಾಸ್‌ಗಿರಿಯೂ ಸಿಕ್ಕಿತ್ತು. ಹಾಗೆ ಬರೆದ ಕೈಗಳೇ ಸಂಜೆ ಮೈದಾನದಲ್ಲಿ ದುರ್ಗನನ್ನು ಬಿಟ್ಟು ಮುಂದೆ ಹೋಗುತ್ತಿದ್ದವು. ಅವನು ಊರಾಚೆಯ ಕೇರಿಯವನು, ಖೋ ಕೊಡಬೇಕೆಂದರೆ ಬೆನ್ನು ಮುಟ್ಟಬೇಕಲ್ಲ! ಅವನು ದಿನಾಲೂ ಸಾಲಿನಲ್ಲಿ ಕುಕ್ಕರುಗಾಲಲ್ಲಿ ಕೂತು, ಆಟ ಮುಗಿದ ಮೇಲೆ ಎದ್ದು ಮನೆಗೆ ಹೋಗುವನು. ಅವನಿಗೆ ಓಡಲು ಬಾರದೆಂದು ನಾವೆಲ್ಲ ಗಟ್ಟಿಯಾಗಿ ನಂಬಿದ್ದೆವು. ಅವನು ಓಡಿದ್ದನ್ನು ಯಾರೂ ನೋಡಿರಲಿಲ್ಲ, ಆ ಮಾತು ಬೇರೆ.

ದುರ್ಗನನ್ನು ಮುಟ್ಟಿದವರು ತಮ್ಮ ಜೊತೆ ಆಡಲು ಬರಕೂಡದೆಂದು ನಮ್ಮ ಮುಂದಾಳು ಗಣಪತಿ ಮೊದಲೇ ಎಚ್ಚರಿಸಿದ್ದ: "ಅವನ ಮುಟ್ಟಿದ್ಯೋ, ನಾಳೆಯಿಂದ ನಂಗಳ ಸಂತಿಗೆ ಬರಡ."

ಒಂದು ಸಂಜೆ ಬೆನ್ನಟ್ಟಿ ಓಡುವ ಸರದಿ ನನ್ನದು. ಎರಡನೆಯ ಸುತ್ತಿಗೇ ಉಸಿರು ಗಂಟಲಿಗೆ ಬಂತು. ಎದುರಿಗೆ ದುರ್ಗನ ಬೆನ್ನು. ಧೈರ್ಯ ಬಂತೆಂದು ಬರೆಯುವ ಆಸೆಯೇನೋ ಇದೆ. ದಮ್ಮು ಕಟ್ಟಿತ್ತು ಎಂಬುದೇ ನಿಜ. ಮುಟ್ಟಿ, ಖೋ ಎಂದೆ.

ಅವನು ತಿರುಗಿ ನೋಡಿದ. "ನನಗೇನ್ರಿ?"

ನನ್ನದೇ ವಯಸ್ಸಿನವನು ನನಗೆ 'ರಿ' ಅಂದದ್ದು ಎಲ್ಲೋ ಚುಚ್ಚಿತು. "ನಿಂಗೇ ಮಾರಾಯ, ಓಡು" ಎಂದೆ. ಖೋ ಕೊಟ್ಟವನು ಎದ್ದವನ ಜಾಗದಲ್ಲೇ ಕೂರಬೇಕು, ಕೂತೆ. ಅಲ್ಲಿಂದ ನೋಡಿದರೆ ಯಾರೂ ನನ್ನತ್ತ ನೋಡುತ್ತಿರಲಿಲ್ಲ.

ದುರ್ಗ ಓಡಿದ, ಮೂವರನ್ನು ಔಟು ಮಾಡಿದ. ದಣಿದಾಗ ಉಳಿದವರ ಬೆನ್ನಿನತ್ತ ಕೈ ಚಾಚಿದರೆ ಅವರು ಮುದುಡಿಕೊಂಡರು. ತಿರುಗಿ ನನ್ನಲ್ಲಿಗೇ ಬಂದ. ಗಂಟೆ ಹೊಡೆಯುವವರೆಗೆ ನಾವಿಬ್ಬರೇ ಒಬ್ಬರನ್ನೊಬ್ಬರು ಎಬ್ಬಿಸುತ್ತ ಆಡಿದೆವು. ಮನೆಯಲ್ಲಿ ಹೇಳಲಿಲ್ಲ, ಮೈಲಿಗೆ ಕಳೆಯಲೆಂದು ಮೀಯಲೂ ಇಲ್ಲ. ಏನು ಅನಾಹುತ ಕಾದಿದೆಯೋ ಎಂದು ಹೆದರಿದ್ದೆ; ಬೆಳಗ್ಗೆ ಎಮ್ಮೆ ಎಂದಿನಂತೆ ಹಾಲು ಕೊಟ್ಟಿತು.

ಶಾಲೆಯ ಜಗಲಿಯಿಂದ ಎಲ್ಲ ಕಂಡಿದ್ದ ಮಾಸ್ತರರು ಮರುದಿನ ನಕಲು ಬರೆಸಲಿಲ್ಲ. ಮೈದಾನಕ್ಕೆ ಬಂದು ತಾವೇ ಸಾಲಿನಲ್ಲಿ ಕೂತರು. "ನನಗೂ ಒಂದು ಖೋ ಕೊಡೋ, ದುರ್ಗಪ್ಪ" ಎಂದರು. ಅವನ ಹೆಸರು ದುರ್ಗಪ್ಪ ಎಂಬುದು ನಮಗೆ ಗೊತ್ತಾದದ್ದೇ ಆಗ. ಮಾಸ್ತರರನ್ನೇ ಮುಟ್ಟಿದ ಮೇಲೆ ಗಣಪತಿಯ ಕಟ್ಟಳೆ ಎಷ್ಟು ದಿನ ನಿಂತೀತು? ನಾಲ್ಕನೆಯ ಸಂಜೆ ಅವನೂ ಬೆನ್ನೊಡ್ಡಿದ, ಕಣ್ಣು ಮುಚ್ಚಿಕೊಂಡು.

ಈಗ ನಾನೂ ಮಾಸ್ತರ. ಕಿಟಕಿಯಿಂದ ಬಗ್ಗಿ ನೋಡಿದೆ. ಸಾಲಿನ ಕೊನೆಯಲ್ಲೊಬ್ಬ ಹುಡುಗಿ ಬಹಳ ಹೊತ್ತಿನಿಂದ ಏಳದೆ ಕೂತಿದ್ದಾಳೆ. ಅವಳ ಪಕ್ಕ ನಾನೂ ಹೋಗಿ ಕೂತರೆ ಮಂಡಿ ಹಿಡಿದುಕೊಂಡೀತು, ಮಕ್ಕಳು ನಕ್ಕಾರು, ಎಬ್ಬಿಸಲು ಇಬ್ಬರಾದರೂ ಬೇಕಾದಾರು. ಪೆನ್ನು ಮುಚ್ಚಿಟ್ಟು ಹೊರಟಿದ್ದೇನೆ.